ಹಡಗಿನ ಸಾರು

ಬೆರಳು ಮೇಲಕ್ಕೆ, ಸಣ್ಣಗೆ ಒಂದು ಸುತ್ತು — ಉರಿ ಎತ್ತು ಅಂತ, ಸರಿ ದೊರೆ, ಎತ್ತಿದೆ, ಗುಂಡಿ ತಿರುಗಿಸಿದ್ದೇ ತಡ ಬಾಣಲೆಯ ತಳದಲ್ಲಿ ನೀಲಿ ಜ್ವಾಲೆ ಭುಸ್ಸಂತ ಹರಡಿತು, ಈರುಳ್ಳಿ ಚುರುಗುಟ್ಟಿತು, ನನ್ನ ಕೈಯಲ್ಲಿ ಸೌಟು, ಕಣ್ಣು ಮಾತ್ರ ಬಾಣಲೆಯ ಮೇಲಿಲ್ಲ, ಕಣ್ಣು ಎಡಕ್ಕೆ, ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಕಾಲು ಅಗಲಿಸಿ ನಿಂತಿರುವ ಗೆಳೆಯ ಸೀಟಿಯ ಕೈಯ ಮೇಲೆ, ಅದು ಅಲ್ಲೇ ಇರಬೇಕು, ಬೇರೆಲ್ಲಿಗೂ ಹೋಗಬಾರದು, ಇಷ್ಟು ವರ್ಷದಲ್ಲಿ ನನ್ನ ಕಣ್ಣು ಕಲಿತಿರುವುದೇ ಅಷ್ಟು. ಬಂದರಿನಲ್ಲಿ ನಾನು ಕ್ರೇನ್ ನಡೆಸುತ್ತಿದ್ದೆ, ಇವನು ಕೆಳಗೆ ನಿಂತು ಕೈಸನ್ನೆ ಕೊಡುತ್ತಿದ್ದ, ಆಕಾಶದಲ್ಲಿ ನೇತುಹಾಕಿದ ಗಾಜಿನ ಗೂಡಿನೊಳಗೆ ನಾನು, ಹಡಗಿನ ಹೊಟ್ಟೆಯ ಬಾಯಿಯ ಹತ್ತಿರ ಇವನು, ನನಗೆ ಕಾಣದ ಆ ಕತ್ತಲ ಗುಂಡಿಯೊಳಕ್ಕೆ ಟನ್ನುಗಟ್ಟಲೆ ಭಾರವನ್ನು ನಾನು ಹೂವಿನಂತೆ ಇಳಿಸುತ್ತಿದ್ದುದು ಈ ಬೆರಳುಗಳನ್ನು ನಂಬಿಕೊಂಡು. ಕೆಳಗಿನವರೆಲ್ಲ ನನ್ನನ್ನು ಮೇಲಿನವನು ಅಂತಲೇ ಕರೆಯುತ್ತಿದ್ದರು, ಹೆದರಬೇಡಿ, ಮೇಲಿನವನು ನೋಡ್ಕೋತಾನೆ ಅಂತ ಹೊಸಬರಿಗೆ ಧೈರ್ಯ ಹೇಳುವರು, ಹೊಸಬರು ಭಕ್ತಿಯಿಂದ ಆಕಾಶ ನೋಡಿದರೆ ಅಲ್ಲಿ ನಾನು ಬೀಡಿ ಹಚ್ಚುತ್ತಾ ಕೂತಿರುತ್ತಿದ್ದೆ. ಇವನಿಗೆ ಸೀಟಿ ಅಂತ ಹೆಸರು, ಎರಡು ಬೆರಳು ಬಾಯಿಗಿಟ್ಟು ಊದಿದನೆಂದರೆ ಅಲೆ, ಗಾಳಿ, ಎಂಜಿನ್ನು ಎಲ್ಲವನ್ನೂ ಸೀಳಿಕೊಂಡು ಆ ಸದ್ದು ನನ್ನ ಗಾಜಿಗೆ ಬಂದು ತಾಗುತ್ತಿತ್ತು. ಹೆಸರು ಉಳಿದಿದೆ, ಸೀಟಿ ಹೋಗಿದೆ. ಗಂಟಲಿನಲ್ಲಿ ಗೆಡ್ಡೆ, ಮಾತಿನ ಪೆಟ್ಟಿಗೆಯನ್ನೇ ತೆಗೆದುಹಾಕಿದರು, ತೆಗೆಯದಿದ್ದರೆ ಮನುಷ್ಯನೇ ಇರುತ್ತಿರಲಿಲ್ಲ, ಈಗ ಕತ್ತಿನ ಬುಡದಲ್ಲಿ ಒಂದು ತೂತು, ಅದರ ಮೇಲೆ ತೆಳು ಬಟ್ಟೆ, ಉಸಿರು ಒಳಗೆ ಹೋಗುವುದೂ ಅಲ್ಲಿಂದಲೇ ಹೊರಗೆ ಬರುವುದೂ ಅಲ್ಲಿಂದಲೇ, ಬಾಯಿಗೂ ಉಸಿರಿಗೂ ಸಂಬಂಧ ಕಡಿದುಹೋಗಿದೆ. ಮಾತಿಲ್ಲದಿದ್ದರೆ ಏನಂತೆ, ನಮ್ಮಿಬ್ಬರಿಗೆ ಯಾವತ್ತು ಮಾತು ಬೇಕಾಗಿತ್ತು — ಆಸ್ಪತ್ರೆಯಲ್ಲಿ ಎಲ್ಲರೂ ಇವನ ಕೈಗೆ ಪೆನ್ನು ತುರುಕುತ್ತಿದ್ದಾಗ ನಾನು ಹೋಗಿ ಮಂಚದ ಕಾಲಬದಿಗೆ ನಿಂತೆ, ಇವನು ಪೆನ್ನು ಬಿಸಾಡಿ ತೋರುಬೆರಳು ಕೆಳಗೆ ಮಾಡಿ ಸುತ್ತಿದ, ಮಂಚದ ತಲೆಭಾಗ ಇಳಿಸು ಅಂತ, ಇಳಿಸಿದೆ, ಅಂಗೈ ಚಾಚಿದ, ನಿಲ್ಲಿಸಿದೆ, ನರ್ಸಮ್ಮ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು, ಅವತ್ತು ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ರೋಗಿಯನ್ನು ನೋಡಲು ಹೋದವನು ಮದುವೆ ಮನೆಯಿಂದ ಬಂದವನ ಹಾಗೆ ನಗುತ್ತಾ ಬಸ್ಸು ಹತ್ತಿದೆ.

ಸೌಟು ಆಡಿಸು, ಇನ್ನೂ ಸುತ್ತುತ್ತಿದ್ದಾನೆ, ಇನ್ನೂ ಉರಿ ಬೇಕಂತೆ, ಈರುಳ್ಳಿ ಕಪ್ಪಾಗುವವರೆಗೆ ಹುರಿಯಬೇಕಂತೆ, ನಮ್ಮ ಮನೆಯಲ್ಲಿ ಯಾರೂ ಈರುಳ್ಳಿಗೆ ಇಂಥ ಶಿಕ್ಷೆ ಕೊಟ್ಟಿಲ್ಲ. ನನ್ನಾಕೆ ಬೆಳಿಗ್ಗೆ ತಂಗಿಯ ಮನೆಗೆ ಹೊರಟವಳು ಬಾಗಿಲವರೆಗೆ ಹೋಗಿ ವಾಪಸು ಬಂದು ಒಲೆ ನೋಡಿದಳು, ನನ್ನ ಮುಖ ನೋಡಿದಳು, ದೊಡ್ಡ ಬಾಣಲೆ ಮುಟ್ಟಬೇಡಿ ಅಂದಳು, ಆ ದೊಡ್ಡ ಬಾಣಲೆಯೇ ಈಗ ಒಲೆಯ ಮೇಲಿರುವುದು. ಈ ಸಾರಿಗೆ ಹೆಸರು ಯಾರಿಗೂ ಗೊತ್ತಿಲ್ಲ, ಸಾರು ಅನ್ನಲು ಗಟ್ಟಿ, ಪಲ್ಯ ಅನ್ನಲು ನೀರು, ಕಪ್ಪು ಈರುಳ್ಳಿ, ಹುರಿದ ಎಳ್ಳು, ಖಾರದ ಪುಡಿ, ವಿನೆಗರ್, ಸಿಹಿಗುಂಬಳ, ಕೊನೆಗೆ ಮೀನು, ಇವಿಷ್ಟನ್ನೂ ಒಟ್ಟಿಗೆ ಹಾಕಬಹುದೆಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ, ನಾವು ಹಡಗಿನ ಸಾರು ಅನ್ನುತ್ತೇವೆ. ಎಂಜಿನ್ ಕೆಟ್ಟು ನಮ್ಮ ಕಟ್ಟೆಗೆ ಕಟ್ಟಿಹಾಕಿಕೊಂಡು ಒಂದು ಹಡಗು ಬಿದ್ದಿತ್ತು, ಯಾವ ದೇಶದ್ದೋ, ಬಾವುಟದ ಬಣ್ಣವೇ ಮಾಸಿಹೋಗಿತ್ತು, ಅದರ ಅಡುಗೆಯವನು ಒಬ್ಬ ಹೊಟ್ಟೆ ಡೊಳ್ಳಿನ ಆಸಾಮಿ, ಅವನ ಭಾಷೆ ಸೀಟಿಗೆ ಬಾರದು, ಇವನ ಭಾಷೆ ಅವನಿಗೆ ಬಾರದು, ಕೈಬಾಯಿ ಆಡಿಸಿಕೊಂಡೇ ಸ್ನೇಹ ಬೆಳೆಯಿತು, ಹಡಗು ಹೊರಡುವ ಹಿಂದಿನ ದಿನ ಇವನನ್ನು ತನ್ನ ಅಡುಗೆಮನೆಗೆ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಮಾಡಿ ತೋರಿಸಿ ಉಣಬಡಿಸಿದನಂತೆ. ನಾನು ಮೇಲೆ ಗೂಡಿನಲ್ಲಿ ಡಬ್ಬಿಯ ತಣ್ಣನೆಯ ಅನ್ನ ತಿನ್ನುತ್ತಿದ್ದೆ. ಅಲ್ಲಿಂದ ಶುರುವಾಯಿತು ನೋಡಿ, ಯಾರ ಮನೆಯಲ್ಲಿ ಏನು ಉಂಡರೂ, ಚೆನ್ನಾಗಿದೆ, ಆದರೆ ಆ ಹಡಗಿನ ಸಾರು ಇತ್ತಲ್ಲ ಅಂತ ಇವನ ರಾಗ, ಕೇಳಿ ಕೇಳಿ ನಮ್ಮ ಕಿವಿ ತೂತು ಬಿತ್ತು, ಹಾಗಾದ್ರೆ ಆ ಹಡಗಿನ ಜೊತೆಗೇ ಸಂಸಾರ ಮಾಡಿ ಅಂತ ಇವನ ಹೆಂಡತಿ ಎಷ್ಟು ಸಲ ಅಂದಿದ್ದಾಳೋ. ಅದೇ ಹೆಂಡತಿ ಈಗ ನನ್ನ ಮನೆಯ ಹೊರಕೋಣೆಯಲ್ಲಿ ಟೀವಿ ಹಾಕದೆ ಕೂತಿದ್ದಾಳೆ. ಹೋದ ವಾರ ಇದೇ ಅಡುಗೆಮನೆಗೆ ಬಂದು ದನಿ ತಗ್ಗಿಸಿ ಹೇಳಿದಳು, ಅಣ್ಣಾ, ತುತ್ತು ಕಲಸ್ತಾರೆ, ಎತ್ತುತ್ತಾರೆ, ಎದೆಮಟ್ಟಕ್ಕೆ ಬರುತ್ತೆ, ಅಲ್ಲೇ ನಿಂತುಬಿಡುತ್ತೆ ಕೈ, ಆಮೇಲೆ ತಟ್ಟೆಗೆ ಇಳಿಸಿಬಿಡ್ತಾರೆ. ನುಂಗಲು ಆಗುತ್ತದೆ, ಗಾಯ ಮಾಗಿದೆ, ದಾರಿ ಸರಿಯಿದೆ ಅಂತ ಡಾಕ್ಟರು ಹೇಳುತ್ತಾರಂತೆ, ಇವನಿಗೇ ಬೇಡ, ನಾಲ್ಕು ಗುಟುಕು ಗಂಜಿನೀರಿನ ಮೇಲೆ ಜೀವ ಹಿಡಿದಿದ್ದಾನೆ. ನಾನೂ ನೋಡಿದೆ, ಅವರ ಮನೆಗೆ ಹೋಗಿ ಎದುರು ಕೂತು ನೋಡಿದೆ, ಎದೆಮಟ್ಟದಲ್ಲಿ ನಿಂತ ಆ ಕೈ, ಬೆರಳ ತುದಿಯಲ್ಲಿ ಅನ್ನ, ಕಣ್ಣು ಗೋಡೆಯ ಮೇಲೆ, ಭಾರ ಅರ್ಧದಲ್ಲಿ ಸಿಕ್ಕಿಕೊಂಡು ಗಾಳಿಗೆ ತೂಗಾಡುವ ಹಾಗೆ. ನಾಳೆ ಆಸ್ಪತ್ರೆಯಲ್ಲಿ ತೂಕ ನೋಡುತ್ತಾರೆ, ಊಟ ಶುರುವಾಗಿದೆಯಾ ಅಂತ ಕೇಳುತ್ತಾರೆ, ಇಲ್ಲವೆಂದರೆ ಹೊಟ್ಟೆಗೆ ತೂತು ಮಾಡಿ ನಳಿಕೆ ಹಾಕುವುದೇ ಸರಿ ಅಂದಿದ್ದಾರೆ, ಕತ್ತಿನಲ್ಲಿ ಒಂದು ತೂತು ಸಾಲದು ಅಂತ ಹೊಟ್ಟೆಯಲ್ಲೊಂದು. ನಳಿಕೆ ಒಮ್ಮೆ ಒಳಗೆ ಹೋದರೆ ಇವನು ಬಾಯಿ ತೆರೆಯುವುದೇ ಇಲ್ಲ, ನನಗೆ ಗೊತ್ತು, ಇವನ ಹಟ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅದಕ್ಕೇ ಕೇಳಿದೆ, ಲೋ, ಏನು ತಿಂತೀಯ ಹೇಳು, ಭೂಮಿ ಮೇಲಿರೋದಾದ್ರೆ ತಂದು ಹಾಕ್ತೀನಿ. ಎರಡೂ ಕೈಯಿಂದ ತನ್ನ ಮುಂದೆ ಒಂದು ದೊಡ್ಡ ಹೊಟ್ಟೆ ಬರೆದ, ಆ ಹಡಗಿನ ಅಡುಗೆಯವನ ಹೊಟ್ಟೆ, ಒಂದು ಬಾಣಲೆ ಬರೆದ, ನಾನು ನಕ್ಕುಬಿಟ್ಟೆ, ಇವನ ಹೆಂಡತಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಕಣ್ಣೊರೆಸಿಕೊಂಡಳು.

ಮಾಡ್ತೀನಿ ಅಂದೆ, ಮಾಡುವವನು ನಾನು, ಜೀವಮಾನದಲ್ಲಿ ಚಹಾ ಬಿಟ್ಟು ಏನೂ ಮಾಡದವನು, ರುಚಿ ಗೊತ್ತಿಲ್ಲ, ನೋಡಿಲ್ಲ, ಆದರೂ ಎದೆ ತಟ್ಟಿಕೊಂಡು ಅಂದೆ, ಯಾಕೆಂದರೆ ಇವನ ಕೈ ಇದ್ದರೆ ನನಗೆ ಕಾಣದ್ದನ್ನೂ ನಾನು ಮಾಡಬಲ್ಲೆ, ಅದನ್ನೇ ಅಲ್ಲವೇ ಇಷ್ಟು ವರ್ಷ ಮಾಡಿದ್ದು. ನಮ್ಮ ಕೊಕ್ಕೆಯ ಕೆಳಗೆ ಒಬ್ಬನೇ ಒಬ್ಬ ಸತ್ತಿಲ್ಲ. ಒಂದು ಬೆರಳು ಜಜ್ಜಿಲ್ಲ. ಪಕ್ಕದ ಕ್ರೇನಿನವರು ಎರಡು ಸಲ ಪೊಲೀಸರ ಮುಂದೆ ಕೈ ಕಟ್ಟಿ ನಿಂತರು, ನಾವು ನಿಲ್ಲಲಿಲ್ಲ, ಯಾಕೆ, ನನ್ನ ಜಾಣತನದಿಂದಲ್ಲ, ನನಗೆ ನನ್ನ ಜಾಣತನದ ಮೇಲೆ ನಂಬಿಕೆ ಇಲ್ಲದ್ದರಿಂದ. ಒಮ್ಮೆ ಗಾಳಿ ಏಳುವ ಮೊದಲು ದೊಡ್ಡದೊಂದು ಯಂತ್ರ ಇಳಿಸಿಬಿಡಬೇಕು ಅಂತ ಮ್ಯಾನೇಜರು ಕೆಳಗೆ ಕುಣಿಯುತ್ತಿದ್ದ, ಇಳಿಸು ಇಳಿಸು ಅಂತ ವೈರ್‌ಲೆಸ್ಸಿನಲ್ಲಿ ಕೂಗುತ್ತಿದ್ದ, ನನ್ನ ಕಣ್ಣಿಗೆ ಕೆಳಗೆಲ್ಲ ಖಾಲಿ ಖಾಲಿ, ಆದರೆ ಸೀಟಿಯ ತೋಳು ಪಕ್ಕಕ್ಕೆ ಚಾಚಿತ್ತು, ಅಂಗೈ ಕೆಳಗೆ, ನಿಲ್ಲಿಸು ಅಂತ, ನಾನು ನಿಲ್ಲಿಸಿದೆ, ಮ್ಯಾನೇಜರು ಕೆಲಸದಿಂದ ತೆಗೀತೀನಿ ಅಂದ, ತೆಗೀರಿ ಸಾರ್ ಅಂದೆ, ಯಂತ್ರ ನನ್ನ ಹಗ್ಗದಲ್ಲಿ ತೂಗುತ್ತಾ ನಿಂತೇ ಇತ್ತು, ಆಮೇಲೆ ಪೆಟ್ಟಿಗೆಗಳ ಹಿಂದಿನಿಂದ ಬಣ್ಣ ಬಳಿಯುವವನೊಬ್ಬ ಬುತ್ತಿ ಡಬ್ಬಿ ಹಿಡಿದುಕೊಂಡು ಬಾಯಿ ಒರೆಸುತ್ತಾ ಹೊರಬಂದ, ನೆರಳಿದೆ ಅಂತ ಅಲ್ಲಿ ಊಟಕ್ಕೆ ಕೂತಿದ್ದನಂತೆ. ಮ್ಯಾನೇಜರು ಮುಖ ಎಲ್ಲಿಟ್ಟುಕೊಂಡ ಅಂತ ನಾನು ಮೇಲಿನಿಂದ ಚೆನ್ನಾಗಿ ನೋಡಿದೆ. ಅವತ್ತಿನಿಂದ ನಾನು ಭಾರವನ್ನು ನೋಡುವುದನ್ನೇ ಬಿಟ್ಟೆ, ಕೈ ಮಾತ್ರ ನೋಡುವುದು, ಕಣ್ಣು ಮೋಸ ಮಾಡಬಹುದು, ಆ ಕೈ ಮಾಡುವುದಿಲ್ಲ. ಎತ್ತು, ಇಳಿಸು, ಎಡಕ್ಕೆ, ಬಲಕ್ಕೆ — ಇದನ್ನು ಹೇಳಲು ಒಬ್ಬನಿಗೇ ಅಧಿಕಾರ, ಸನ್ನೆಯವನಿಗೆ, ಮಂತ್ರಿ ಬಂದು ಹೇಳಿದರೂ ಕೇಳಬಾರದು. ನಿಲ್ಲಿಸು ಅನ್ನುವುದನ್ನು ಮಾತ್ರ ಯಾರು ಬೇಕಾದರೂ ಹೇಳಬಹುದು, ಹೇಳಿದರೆ ನಿಲ್ಲಿಸಲೇಬೇಕು. ಒಮ್ಮೆ ಕಸ ಗುಡಿಸುವ ಅಜ್ಜಿ ಪೊರಕೆ ಸಮೇತ ತೋಳು ಚಾಚಿದಳು, ನಾನು ನಿಲ್ಲಿಸಿದೆ, ನೋಡಿದರೆ ಏನೂ ಇಲ್ಲ, ಅವಳಿಗೆ ಸುಮ್ಮನೆ ಭಯವಾಯಿತಂತೆ, ಸೀಟಿ ಅವಳನ್ನು ಬೈಯಲಿಲ್ಲ, ಕೂರಿಸಿ ಚಹಾ ಕುಡಿಸಿದ, ನಾಳೇನೂ ಭಯ ಆದ್ರೆ ಕೈ ಚಾಚಮ್ಮ ಅಂದ. ಇಂಥವನು ನನ್ನ ಗೆಳೆಯ. ಇಂಥವನಿಗೆ ಹೊಟ್ಟೆಯಲ್ಲಿ ನಳಿಕೆಯಂತೆ.

ಎಳ್ಳು — ಬೆರಳುಗಳನ್ನು ಉದುರಿಸಿ ತೋರಿಸುತ್ತಿದ್ದಾನೆ, ಎಳ್ಳು ಹಾಕು, ಹಾಕಿದೆ, ಚಟಪಟ ಸಿಡಿಯಿತು, ಒಂದು ಕಾಳು ನನ್ನ ಮಣಿಕಟ್ಟಿಗೆ ಬಂದು ಚುರ್ ಅಂದಿತು, ಅಂದರೂ ಕಣ್ಣು ತಿರುಗಿಸಲಿಲ್ಲ, ಸುತ್ತುತ್ತಿದ್ದಾನೆ, ಸರಿ, ಇನ್ನೂ ಹುರಿಯಬೇಕು. ಎಷ್ಟು ಗತ್ತಿನಲ್ಲಿ ನಿಂತಿದ್ದಾನೆ, ಅಂಗಿ ಹೆಗಲ ಮೇಲೆ ನೇತಾಡುತ್ತಿದೆ, ಒಳಗೆ ಮೂಳೆ ಬಿಟ್ಟರೆ ಏನಿಲ್ಲ, ಆದರೂ ನಿಂತ ಠೀವಿ ನೋಡಿ, ತಿಂಗಳುಗಳಿಂದ ಇವನನ್ನು ಹೀಗೆ ನೋಡಿರಲಿಲ್ಲ, ಕೂರಿಸಿದಲ್ಲಿ ಕೂರುತ್ತಿದ್ದ, ಮಲಗಿಸಿದಲ್ಲಿ ಮಲಗುತ್ತಿದ್ದ, ಇವತ್ತು ಯಜಮಾನ. ಬಾಗಿಲಿನಿಂದ ಈಚೆಗೆ ಬರುವ ಹಾಗಿಲ್ಲ, ಹೊಗೆ ಕತ್ತಿನ ತೂತಿಗೆ ನೇರವಾಗಿ ಹೋಗುತ್ತದೆ, ಕೆಮ್ಮು ಬಂದರೆ ಆಸ್ಪತ್ರೆಯ ದಾರಿಯೇ, ಅದಕ್ಕೇ ಅಲ್ಲಿ ನಿಲ್ಲಿಸಿದ್ದು, ನಿನ್ನ ಜಾಗ ಅದು, ನನ್ನ ಜಾಗ ಇದು ಅಂದೆ, ಖುಷಿಯಾಗಿ ತಲೆಯಾಡಿಸಿದ. ಘಮ ಏಳುತ್ತಿದೆ, ಅಬ್ಬ ಏನು ಘಮ, ನಾನು ಮಾಡಿದ್ದು, ಬೀದಿಯ ಆ ಕಡೆಯ ಸ್ಕೂಟರ್ ರಿಪೇರಿಯವನ ಮೂಗಿಗೂ ಮುಟ್ಟಿರಬೇಕು, ಸಿಹಿ ಸಿಹಿ, ಬೆಲ್ಲದ ಪಾಕದ ಹಾಗೆ, ಈಗ ಸ್ವಲ್ಪ ಘಾಟು, ಹಡಗಿನವರ ಸಾರು, ಘಾಟು ಇರಬಹುದು, ಸುತ್ತುತ್ತಿದ್ದಾನೆ, ಸೌಟು ಆಡಿಸು, ಸೌಟಿಗೆ ತಳದಲ್ಲಿ ಏನೋ ಅಂಟುತ್ತಿದೆ, ಅಂಟಲಿ, ಕಪ್ಪಾಗಬೇಕು ಅಂದಿದ್ದಾನಲ್ಲ, ಕಪ್ಪೆಂದರೆ ಎಷ್ಟು ಕಪ್ಪು, ಅದು ನನ್ನ ಯೋಚನೆಯಲ್ಲ, ಅವನದು, ಘಾಟು ಮೂಗಿಗೆ ಹತ್ತಿತು, ಕಣ್ಣಲ್ಲಿ ನೀರು, ಆದರೂ ಕೈ, ಕೈ ಸುತ್ತುತ್ತಲೇ ಇದೆ, ಶಾಂತವಾಗಿ, ಒಂದಿಷ್ಟೂ ಗಾಬರಿ ಇಲ್ಲದೆ, ಅವನಿಗೆ ಗಾಬರಿ ಇಲ್ಲವೆಂದರೆ ನನಗೇಕೆ, ಸೀದ ವಾಸನೆ, ಇದು ಸೀದ ವಾಸನೆಯೇ, ಅಲ್ಲ, ನನಗೇನು ಗೊತ್ತು, ನಾನು ಈ ಸಾರು ಕಂಡವನೇ, ಇದು ಹೀಗೇ ಇರಬಹುದು, ಸೀದ ವಾಸನೆಯೇ ಇದರ ರುಚಿ ಇರಬಹುದು, ನನ್ನ ಮೂಗೂ ಒಂದು ಮೂಗೇ, ಅವತ್ತೂ ಕೆಳಗೆಲ್ಲ ಖಾಲಿ ಅಂತ ನನ್ನ ಕಣ್ಣು ಹೇಳಿರಲಿಲ್ಲವೇ, ಆ ಕೈ ತಪ್ಪಿದ್ದೇ ಇಲ್ಲ, ಆ ಕೈ — ಅವನ ಮೂಗು. ಅವನ ಮೂಗು ಸುಮ್ಮನಿದೆ. ಇಷ್ಟು ಘಾಟಿಗೆ ಒಂದು ಸಲವೂ ಅರಳಲಿಲ್ಲ, ಸುಕ್ಕಾಗಲಿಲ್ಲ. ಉಸಿರು ಮೂಗಿನ ದಾರಿಯಲ್ಲಿ ಆಡುವುದೇ ಇಲ್ಲವಲ್ಲ, ವಾಸನೆ ಇನ್ನು ತಿಳಿಯುವುದಿಲ್ಲ ಅಂತ ಡಾಕ್ಟರು ಹೇಳಿದರು ಅಂತ ಇವನ ಹೆಂಡತಿ ಆಸ್ಪತ್ರೆಯ ಮೆಟ್ಟಿಲಲ್ಲಿ ನನಗೆ ಹೇಳಿದ್ದಳು, ನಾನು ಬಂದರಿನ ಕೊಳೆತ ಮೀನಿನ ನಾತ ತಪ್ಪಿತಲ್ಲ, ಪುಣ್ಯವಂತ ಅಂತ ತಮಾಷೆ ಮಾಡಿದ್ದೆ, ಅವಳು ನಕ್ಕಿರಲಿಲ್ಲ. ಬಾಗಿಲಲ್ಲಿ ನಿಂತವನಿಗೆ ಬಾಣಲೆಯ ತಳ ಕಾಣುವುದಿಲ್ಲ, ಹೊಗೆ ಮುಚ್ಚಿದೆ, ವಾಸನೆಯೂ ಇಲ್ಲ, ಇವನು ಕಾಣದ ಭಾರಕ್ಕೆ ಸನ್ನೆ ಕೊಡುತ್ತಿದ್ದಾನೆ, ಭಾರದ ಪಕ್ಕದಲ್ಲಿ ನಿಂತ ನಾನು ಅದನ್ನು ನೋಡದೆ ಇವನನ್ನು ನೋಡುತ್ತಿದ್ದೇನೆ, ಇಬ್ಬರು ಸೇರಿ ಒಬ್ಬ ಕುರುಡ. ಹೇಳಬೇಕು, ಹೇಳುವುದು ಹೇಗೆ, ಇವನು ಇಷ್ಟು ದಿನಕ್ಕೆ ಇವತ್ತು ನೆಟ್ಟಗೆ ನಿಂತಿದ್ದಾನೆ, ನಿನ್ನ ಕೈ ತಪ್ಪಿತು ಅಂತ ನಾನು ಹೇಳಬೇಕೇ, ಇವತ್ತೇ ಹೇಳಬೇಕೇ, ಸುಮ್ಮನೆ ಸೀದದ್ದನ್ನೇ ಬಡಿಸಿಬಿಡಲೇ, ವಾಸನೆ ತಿಳಿಯದವನಿಗೆ ಸೀದರೇನು — ಛೆ, ನಾಲಿಗೆ ಇದೆಯಲ್ಲ, ಕಹಿ ಗೊತ್ತಾಗುತ್ತದಲ್ಲ, ಒಂದು ತುತ್ತು ಕಹಿಯಾದರೆ ಮುಗಿಯಿತು, ಕೈ ಎದೆಮಟ್ಟದಲ್ಲೇ ನಿಲ್ಲುತ್ತದೆ, ಇನ್ನೆಂದೂ ಮೇಲೇರುವುದಿಲ್ಲ. ಸೌಟು ಬಿಟ್ಟೆ. ಬಲಗೈ ಪಕ್ಕಕ್ಕೆ ಚಾಚಿದೆ, ಅಂಗೈ ಕೆಳಗೆ. ಜೀವಮಾನದಲ್ಲಿ ನಾನು ಕೊಟ್ಟ ಮೊದಲನೆಯ ಸನ್ನೆ.

ಅವನ ಬೆರಳು ತಟ್ಟನೆ ನಿಂತಿತು. ನಿಯಮ ಮರೆತಿಲ್ಲ. ನಾನು ಉರಿ ಆರಿಸಿ ಕಿಟಕಿ ತೆರೆದೆ, ಹೊಗೆ ಹೋಗುವವರೆಗೆ ಇಬ್ಬರೂ ನಿಂತಲ್ಲೇ ನಿಂತೆವು, ಆಮೇಲೆ ಬಂದ, ಬಾಣಲೆಯೊಳಗೆ ಬಗ್ಗಿ ನೋಡಿದ, ಇದ್ದಿಲು, ಎಳ್ಳೆಲ್ಲ ಇದ್ದಿಲಿನ ಪುಡಿ. ತನ್ನ ಮೂಗನ್ನು ಬೆರಳಿನಿಂದ ಮುಟ್ಟಿಕೊಂಡ, ಒಂದು ಸಲ, ಮೆಲ್ಲಗೆ, ಕಳೆದುಹೋದದ್ದನ್ನು ಜೇಬಿನಲ್ಲಿ ಹುಡುಕುವವರ ಹಾಗೆ, ಆಮೇಲೆ ಹೋಗಿ ಸ್ಟೂಲಿನ ಮೇಲೆ ಕೂತ, ಕೈಗಳೆರಡನ್ನೂ ತೊಡೆಯ ನಡುವೆ ಸೇರಿಸಿಕೊಂಡ. ಆ ಕೈಗಳನ್ನು ಅವನು ಬಚ್ಚಿಟ್ಟುಕೊಂಡಿದ್ದನ್ನು ನಾನು ಕಂಡದ್ದೇ ಇಲ್ಲ. ನನಗೆ ದುಃಖ ಬರಬೇಕಿತ್ತು, ಸಿಟ್ಟು ಬಂತು, ಯಾರ ಮೇಲೆ ಗೊತ್ತಿಲ್ಲ, ಬಾಣಲೆಯನ್ನು ಸಿಂಕಿಗೆ ಕುಕ್ಕಿದೆ, ನೀರು ಚುಸ್ಸೆಂದಿತು, ಹೊರಕೋಣೆಯಿಂದ ಅವನ ಹೆಂಡತಿ ಏನಾಯ್ತಣ್ಣಾ ಅಂದಳು, ಏನೂ ಇಲ್ಲ ತಾಯಿ, ಮೊದಲನೇ ಕೈ ಸೀದೋಯ್ತು, ಎರಡನೇದು ಇಡ್ತಿದೀವಿ ಅಂದೆ, ಅಂದ ಮೇಲೆ ಇಡಲೇಬೇಕಲ್ಲ. ಸೀದದ್ದನ್ನು ತಿಕ್ಕುತ್ತಾ ತಿಕ್ಕುತ್ತಾ ಅವನಿಗೆ ಬೆನ್ನು ಹಾಕಿಕೊಂಡೇ ಹೇಳಿದೆ, ಮುಖ ನೋಡಿ ಹೇಳಲು ಧೈರ್ಯವಿರಲಿಲ್ಲ, ಲೋ, ಅಲ್ಲಿ ನನಗೆ ಕೆಳಗಿಂದು ಕಾಣ್ತಿರಲಿಲ್ಲ, ನೀನು ನೋಡಿ ಹೇಳ್ತಿದ್ದೆ, ನಾನೇನು ಅವಮಾನ ಅಂದ್ಕೊಂಡ್ನಾ, ಇಷ್ಟು ವರ್ಷ ನಿನ್ನ ಕಣ್ಣಲ್ಲಿ ಸಂಬಳ ತಿಂದೆ, ಇಲ್ಲಿ ನಿನಗೆ ವಾಸನೆ ಬರಲ್ಲ, ನಾನು ಮೂಸಿ ಹೇಳ್ತೀನಿ, ಅಷ್ಟಕ್ಕೆ ನಿನ್ನ ದೊಡ್ಡಸ್ತಿಕೆ ಏನು ಕರಗಿಹೋಯ್ತು. ತಿರುಗಿ ನೋಡಿದರೆ ಸ್ಟೂಲು ಖಾಲಿ, ಹೋದನೇ, ಇಲ್ಲ, ಬುಟ್ಟಿಯ ಹತ್ತಿರ ಬಗ್ಗಿ ಈರುಳ್ಳಿ ಆರಿಸುತ್ತಿದ್ದಾನೆ, ಒತ್ತಿ ಒತ್ತಿ ನೋಡಿ ಗಟ್ಟಿಯಾದವನ್ನು ಆರಿಸುತ್ತಿದ್ದಾನೆ.

ಅವನು ಮತ್ತೆ ಬಾಗಿಲ ಚೌಕಟ್ಟಿಗೆ ಹೋಗಿ ನಿಂತ, ಎರಡನೆಯ ಸಲ ನನ್ನ ಮೂಗಿಗೆ ಕೆಲಸ ಹೆಚ್ಚು, ಬಾಯಿಗೂ. ಬೆರಳು ಮೇಲಕ್ಕೆ ಸುತ್ತಿತು, ಉರಿ ಎತ್ತಿದೆ, ಹಸಿ ವಾಸನೆ ಅಂದೆ, ಸುತ್ತಿದ, ಹಸಿ ಹೋಯ್ತು, ಸಿಹಿ ಬಂತು, ಸುತ್ತಿದ, ಪಾಕ ಅಂಟಿದ ಹಾಗೆ, ಜಿಗುಟು ವಾಸನೆ, ಅಂಗೈ ಒಂದರ ಮೇಲೊಂದಿಟ್ಟ, ನಿಧಾನ ಅಂತ, ಉರಿ ತಗ್ಗಿಸಿದೆ, ಎಳ್ಳು ಉದುರಿಸಿದೆ, ಈಗ ಏನು ಅಂತ ಹುಬ್ಬೆತ್ತಿದ, ಏನು ಹೇಳಲಿ, ವಾಸನೆಗೆ ಹೆಸರು ಹುಡುಕುವುದು ಇಷ್ಟು ಕಷ್ಟ ಅಂತ ನನಗೇನು ಗೊತ್ತಿತ್ತು, ಬಿಸಿಲಲ್ಲಿ ಬಿದ್ದ ಒಣಹುಲ್ಲು ಅಂದೆ, ಬೇಡ ಅಂತ ತಲೆಯಾಡಿಸಿದ, ಇನ್ನೂ ಆಗಬೇಕು, ಬಾಣಲೆಯ ಮೇಲೆ ಮುಖ ಒಡ್ಡಿ ಎಳೆದುಕೊಂಡೆ, ಮರದ ಪೆಟ್ಟಿಗೆ ಒಡೆದಾಗಿನ ವಾಸನೆ, ಇನ್ನೂ ಬೇಕು, ಇಸ್ತ್ರಿ ಪೆಟ್ಟಿಗೆಯ ಕೆಳಗಿನ ಬಟ್ಟೆ, ಅನುಮಾನದಿಂದ ತಲೆ ವಾಲಿಸಿದ, ತಡಿ ತಡಿ, ಏನೋ ಬರ್ತಿದೆ, ನಂಗೊತ್ತಿರೋದು, ಹಗ್ಗ, ಸುರುಳಿ ಬಿಚ್ಚಿದ ಹೊಸ ಹಗ್ಗ, ಬಿಸಿಲು ಬಿದ್ದಾಗ ಬರುತ್ತಲ್ಲ — ತೋಳು ಫಟ್ಟನೆ ಚಾಚಿಕೊಂಡಿತು. ನಿಲ್ಲಿಸು. ನಾನು ಹಗ್ಗ ಅಂದು ಮುಗಿಸುವ ಮೊದಲೇ, ಅನುಮಾನವಿಲ್ಲ, ಅರೆಗಳಿಗೆ ಯೋಚನೆ ಇಲ್ಲ, ಎಷ್ಟೋ ವರ್ಷದ ಹಿಂದೆ ಆ ಹಡಗಿನ ಅಡುಗೆಮನೆಯಲ್ಲಿ ಮೂಗಿನಲ್ಲಿ ಹಿಡಿದಿಟ್ಟುಕೊಂಡಿದ್ದನ್ನು ತಲೆಯಿಂದ ತೆಗೆದು ಕೈಗೆ ಕೊಟ್ಟ, ಇದನ್ನು ಯಾರು ಮಾಡಬಲ್ಲರು ಹೇಳಿ, ಕರೆತನ್ನಿ ದೊಡ್ಡ ದೊಡ್ಡ ಹೋಟೆಲಿನವರನ್ನು, ವಾಸನೆಯೇ ಇಲ್ಲದೆ ಒಗ್ಗರಣೆ ಹದ ಮಾಡಿ ತೋರಿಸಲಿ, ನನ್ನ ಗೆಳೆಯ ಮಾಡಿದ, ನಾನು ಮಾಡಿದೆ. ಉರಿ ಆರಿಸಿ ನೋಡಿದರೆ ಈರುಳ್ಳಿ ಕಪ್ಪು, ಹೊಳೆಯುವ ಕಪ್ಪು, ಒಂದು ಎಳ್ಳೂ ಸೀದಿಲ್ಲ. ಖಾರದ ಪುಡಿ, ವಿನೆಗರ್ ಬಿದ್ದೊಡನೆ ನನ್ನ ಕಣ್ಣು ಮೂಗು ಎಲ್ಲ ಹರಿಯಿತು, ಅವನು ಹೆಗಲು ಕುಣಿಸಿ ನಕ್ಕ, ಸದ್ದಿಲ್ಲದ ನಗು, ನೀರು ಹೊಯ್ದು ಮತ್ತೆ ಉರಿ ಹಚ್ಚಿದೆ, ಕುಂಬಳದ ಹೋಳು ಮೆತ್ತಗಾಗುವವರೆಗೆ ಬೆಂದಿತು, ಮೀನು ಕೊನೆಗೆ, ಮೆಲ್ಲಗೆ, ಒಂದೊಂದೇ, ಅಲುಗಾಡದ ಹಾಗೆ, ಗಾಜಿನ ಪೆಟ್ಟಿಗೆ ಇಳಿಸುವಾಗ ಅವನು ಕೊಡುತ್ತಿದ್ದ ಆ ನಾಜೂಕಿನ ಸನ್ನೆ, ಎರಡು ಬೆರಳಿನ ನಡುವೆ ಕೂದಲೆಳೆಯಷ್ಟು ಜಾಗ, ಒಂದು ತುಂಡೂ ಮುರಿಯಲಿಲ್ಲ.

ಅವನ ಹೆಂಡತಿ ಒಳಗೆ ಬಂದು ಬಾಗಿಲಲ್ಲೇ ನಿಂತು ಮೂಗರಳಿಸಿದಳು, ಮೂರು ತಟ್ಟೆ ಹಾಕಿದಳು, ಅನ್ನ ಬಡಿಸಿದಳು, ಸಾರನ್ನು ನಾನೇ ಬಡಿಸಿದೆ, ಅದನ್ನು ಬೇರೆಯವರಿಗೆ ಬಿಡುತ್ತೇನೆಯೇ. ನಾನೇ ಮೊದಲು ಬಾಯಿಗಿಟ್ಟೆ, ಹುಳಿ, ಆಮೇಲೆ ಸಿಹಿ, ಆಮೇಲೆ ಖಾರ ಹಿಂದಿನಿಂದ ಬಂದು ಗುದ್ದಿತು, ಹೌದಲ್ಲೋ, ಇಷ್ಟು ವರ್ಷ ನೀನು ಸುಳ್ಳು ಹೇಳಿರಲಿಲ್ಲ, ನಾವು ಸುಮ್ಮನೆ ಗೇಲಿ ಮಾಡಿದೆವು. ಅವಳು ಒಂದು ತುತ್ತು ತಿಂದಳು, ಮುಂದಕ್ಕೆ ತಿನ್ನಲಿಲ್ಲ, ಗಂಡನ ತಟ್ಟೆಯನ್ನೇ ನೋಡುತ್ತಿದ್ದಾಳೆ, ನೋಡಬೇಡ ತಾಯಿ ಅಂತ ಕಣ್ಣಲ್ಲೇ ಹೇಳಿದೆ, ನಾನೂ ನೋಡುತ್ತಿದ್ದೇನೆ. ಕಲಸುತ್ತಿದ್ದಾನೆ. ಮೀನಿನ ಮುಳ್ಳು ತೆಗೆದ, ಕುಂಬಳದ ಹೋಳನ್ನು ಅನ್ನದೊಳಗೆ ಹಿಸುಕಿದ, ಎಷ್ಟು ಹೊತ್ತು ಕಲಸುತ್ತಾನಪ್ಪ, ಕಲಸಿದ್ದು ಸಾಕು, ಬೀದಿಯಲ್ಲಿ ಯಾರೋ ಸ್ಕೂಟರ್ ಒದ್ದು ಶುರು ಮಾಡುತ್ತಿದ್ದಾರೆ, ಆಗುತ್ತಿಲ್ಲ, ಮತ್ತೆ ಒದೆಯುತ್ತಿದ್ದಾರೆ, ನಾಳೆ ಡಾಕ್ಟರಿಗೆ ಏನು ಹೇಳಬೇಕೋ, ಅದೆಲ್ಲ ಈಗ ಈ ತಟ್ಟೆಯಲ್ಲಿದೆ, ತುತ್ತು ಕಟ್ಟಿದ, ಚಿಕ್ಕದು, ಎತ್ತಿದ, ಎದೆಮಟ್ಟ, ನಿಂತಿತು. ನಿಂತುಬಿಟ್ಟಿತು. ಆ ಕೈ, ಬೆರಳ ತುದಿಯಲ್ಲಿ ಅನ್ನ, ಒಂದು ತೊಟ್ಟು ಸಾರು ಮಣಿಕಟ್ಟಿನ ಕಡೆಗೆ ಇಳಿಯುತ್ತಿದೆ, ಅವಳು ಮುಖ ತಿರುಗಿಸಿಕೊಂಡಳು, ಮುಗಿಯಿತು, ಎಲ್ಲ ಮುಗಿಯಿತು, ಸೀದಿದ್ದರೂ ಒಂದೇ ಹದವಾಗಿದ್ದರೂ ಒಂದೇ — ಇಲ್ಲ. ಕಣ್ಣು ಗೋಡೆಯ ಮೇಲಿಲ್ಲ. ಅವನ ಕಣ್ಣು ಗೋಡೆಯ ಮೇಲಿಲ್ಲ, ನನ್ನ ಮೇಲಿದೆ, ನನ್ನ ಮುಖದ ಮೇಲೂ ಅಲ್ಲ, ನನ್ನ ಕೈಯ ಮೇಲೆ, ರೆಪ್ಪೆ ಮಿಟುಕಿಸದೆ, ಗಾಜಿನ ಗೂಡಿನಿಂದ ನಾನು ನೋಡುತ್ತಿದ್ದ ಹಾಗೆ, ಬೇರೆಲ್ಲಿಗೂ ಹೋಗದೆ, ಕಾಯುತ್ತಿದ್ದಾನೆ, ಇವನು ನನ್ನನ್ನು ಕಾಯುತ್ತಿದ್ದಾನೆ. ಎತ್ತು ಅನ್ನಲು ಸನ್ನೆಯವನಿಗೊಬ್ಬನಿಗೇ ಅಧಿಕಾರ. ನನ್ನ ಬೆರಳಿಗೆಲ್ಲ ಸಾರು ಅಂಟಿದೆ, ಒರೆಸಿಕೊಳ್ಳಲೂ ಹೊತ್ತಿಲ್ಲ, ತೋರುಬೆರಳು ಮೇಲಕ್ಕೆ ಮಾಡಿದೆ, ಸಣ್ಣಗೆ ಒಂದು ಸುತ್ತು, ಮೆಲ್ಲಗೆ, ಗಾಜು ಎತ್ತುವಷ್ಟು ಮೆಲ್ಲಗೆ, ಎತ್ತು, ಇನ್ನೂ ಎತ್ತು, ಕೈ ಅಲುಗಿತು, ಎದೆ ದಾಟಿತು, ಕತ್ತಿನ ಬಟ್ಟೆ ದಾಟಿತು, ಗದ್ದ, ತುಟಿ, ನನ್ನ ಬೆರಳು ಸುತ್ತುತ್ತಲೇ ಇದೆ, ಬಾಯಿ ತೆರೆಯಿತು, ಮುಚ್ಚಿತು, ದವಡೆ ಆಡುತ್ತಿದೆ, ಖಾಲಿ ಕೈ ಬಾಯಿಂದ ಈಚೆಗೆ ಬಂತು, ಖಾಲಿ ಕೈ ತಟ್ಟೆಗೆ ಇಳಿಯುತ್ತಿದೆ, ನಾನಿನ್ನೂ ಇಳಿಸು ಅಂದಿಲ್ಲ, ಖಾಲಿ ಕೈ ತಾನಾಗೇ ಇನ್ನೊಂದು ತುತ್ತು ಕಟ್ಟುತ್ತಿದೆ —